ಕಣ್ಣ ಕೆಳಗಿನ ಮೂರು ರೆಪ್ಪೆ

ಚೀಟಿ ಅಂಟಿಸಿ ಆದಮೇಲೆ ಸುಪ್ರೀತಾಳ ಕಣ್ಣು ತನ್ನದೇ ತೋರುಬೆರಳಿನ ಮೇಲೆ ಬಿತ್ತು. ಬೆರಳ ತುದಿ ಇನ್ನೂ ಒದ್ದೆಯಾಗಿತ್ತು.

2014ರ ಆ ಫೆಬ್ರುವರಿ ಬೆಳಿಗ್ಗೆ, ಪರದೇಶದ ವಿಮಾನ ನಿಲ್ದಾಣವೊಂದರ ಪಕ್ಕದ ಫೆಲ್ಥಮ್‌ನ ಕಾರ್ಗೋ ಶೆಡ್ಡಿಗೆ ಪೆಸಿಫಿಕ್ಕಿನ ತಣ್ಣೀರ ಕರಾವಳಿಯಿಂದ ಎರಡು ಆಕ್ಟೋಪಸ್ ಬಂದಿದ್ದವು, ಎರಡು ಚೀಲಗಳಲ್ಲಿ. ಐಸು ಕರಗಿ ಹೆಸರಿನ ಚೀಟಿಗಳು ಅಳಿಸಿಹೋಗಿದ್ದವು. ಯಾವುದು ಯಾವುದೆಂದು ಗುರುತಿಸಿ ಹೊಸ ಚೀಟಿ ಅಂಟಿಸುವುದು ಅವಳ ಕೆಲಸ. ಒಂದು ದೈತ್ಯ ಜಾತಿಯ ಮರಿ. ಬೆಳೆದು ಕೈ ಚಾಚಿದರೆ ಕೋಣೆ ತುಂಬೀತು. ಇನ್ನೊಂದು ರೆಡ್ ಎಂಬ ಸಣ್ಣ ಜಾತಿ, ಅದು ಬೆಳೆಯುವುದೇ ಮುಷ್ಟಿಯಷ್ಟು. ಈಗ ಮಾತ್ರ ಎರಡೂ ಮುಷ್ಟಿಗಾತ್ರ, ಒಂದೇ ಅಚ್ಚು. ದೈತ್ಯ ಹೋಗಬೇಕಾದ್ದು ಅಕ್ವೇರಿಯಮ್ಮಿನ ದೊಡ್ಡ ತೊಟ್ಟಿಗೆ. ರೆಡ್ ಹೋಗಬೇಕಾದ್ದು ಪ್ರಯೋಗಾಲಯಕ್ಕೆ. ಅಲ್ಲಿ ಅದನ್ನು ಕೊಯ್ಯುತ್ತಾರೆ.

ಗುರುತು ಒಂದೇ. ರೆಡ್‌ನ ಕಣ್ಣ ಕೆಳಗೆ ರೆಪ್ಪೆಗೂದಲಿನಂಥ ಮೂರು ಚರ್ಮದ ಚೂರು ಏಳುತ್ತವೆ, ದೈತ್ಯನಿಗೆ ಅದಿಲ್ಲ. ಮೊದಲ ಚೀಲದ್ದಕ್ಕೆ ಏನೂ ಕಾಣಲಿಲ್ಲ. ದೈತ್ಯ ಎಂದು ಬರೆದಳು. ಇದು ದೈತ್ಯನಾದರೆ ಇನ್ನೊಂದು ರೆಡ್ಡೇ ತಾನೆ ಎಂದು ಎರಡನೆಯದಕ್ಕೆ ನೋಡದೆಯೇ ಚೀಟಿ ಅಂಟಿಸಿದ್ದಳು.

ಈಗ ಹೊಳೆಯಿತು. ನೋಡುವ ಮೊದಲು ಅವಳು ಚೀಲವನ್ನು ಒತ್ತಿದ್ದಳು. ಕುಂದಾಪುರದಲ್ಲಿ ಅಮ್ಮ ಗುಣವತಿ ಬೆರಳಲ್ಲಿ ಒತ್ತಿ ನೋಡದೆ ಒಂದು ಬಂಗುಡೆಯನ್ನೂ ಮನೆಗೆ ತಂದವಳಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಸತ್ತ ಮೀನು ಸುಮ್ಮನೆ ಒತ್ತಿಸಿಕೊಳ್ಳುತ್ತದೆ, ಜೀವ ಇದ್ದದ್ದು ಹೆದರುತ್ತದೆ. ಹೆದರಿದ ಆಕ್ಟೋಪಸ್ ಮೈಯೆಲ್ಲ ನುಣ್ಣಗೆ ಮಾಡಿಕೊಂಡು ಬಿಳಿಚಿಕೊಳ್ಳುತ್ತದೆ. ಇದ್ದ ರೆಪ್ಪೆಯೂ ಆಗ ಅಡಗಿಬಿಡುತ್ತದೆ.

ಗೇಟಿನಲ್ಲಿ ಅಕ್ವೇರಿಯಮ್ಮಿನ ವ್ಯಾನು ಕಾಯುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಚೀಟಿ ತಪ್ಪಾಗಿದ್ದರೆ ದೈತ್ಯನ ಮರಿ ಕತ್ತಿಯ ಕೆಳಗೆ ಹೋಗುತ್ತದೆ, ಅಷ್ಟೇ. ಹೇಳಿದರೆ ಕೆಲಸಕ್ಕೇ ಕುತ್ತು. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚೀಲ ಎತ್ತಲು ಬಂದ ಮೇಲಧಿಕಾರಿ, ಧಾರವಾಡದ ಶಶಿಧರನಿಗೆ ಅಡ್ಡ ನಿಂತಳು.

"ಶಶಿಧರಣ್ಣ, ಒಂಚೂರ್ ನಿಲ್ಲಿ. ನಾನ್ ಚೀಲ ಒತ್ತಿದ್ದೆ."

"ಒತ್ತಿದ್ರ ಏನಾತ್ರಿ?"

"ಹೆದ್ರಿರೆ ಅದ್ರ್ ರೆಪ್ಪೆ ಕಾಣ್ತಿಲ್ಲೆ. ಇನ್ನೊಂದ್ ಸಲ ಕಾಣ್ಕ್."

"ಡ್ರೈವರ್ ಆಗಲೇ ಹಾರ್ನ್ ಹೊಡಿಯಾಕತ್ತಾನ. ನಿಮ್ಮ ಪ್ರೊಬೇಷನ್ ರಿಪೋರ್ಟ್ ನಾನ ಬರಿಯಾಂವ, ಗೊತ್ತೈತಲ್ಲ?"

"ಗೊತ್ತಿತ್ತ್."

ಶಶಿಧರ ತಲೆ ಕೆರೆದುಕೊಂಡ. "ಲಗೂನ ನೋಡ್ರಿ. ನಾ ಅಂವಗ ಚಾ ಕುಡಿಸಿ ಬರ್ತೀನಿ."

ಅವಳು ಕೋಟು ಕಳಚಿ ಮೊದಲ ಚೀಲದ ಮೇಲೂ ತನ್ನ ತಲೆಯ ಮೇಲೂ ಹೊದ್ದುಕೊಂಡಳು. ಅಂಚಿನಲ್ಲಿ ಒಂದಿಷ್ಟೇ ಬೆಳಕು ಒಳಗೆ ಬಂತು. ಪ್ರಾಣಿ ಒಂದು ಮೂಲೆಯಲ್ಲಿ ಬಿಳಿಯ ಮುದ್ದೆಯಾಗಿ ಕೂತಿತ್ತು. ಅವಳು ಒತ್ತಲಿಲ್ಲ, ಅಲುಗಲಿಲ್ಲ, ಅಂಗೈಯನ್ನು ಚೀಲಕ್ಕೆ ತಾಗಿಸಿ ಇಟ್ಟಳು, ಅಷ್ಟೆ. ಎಷ್ಟೋ ಹೊತ್ತಿನ ಮೇಲೆ ಬಿಳುಪು ಇಳಿದು ಇಟ್ಟಿಗೆ ಬಣ್ಣ ಏರಿತು. ಒಂದು ತೋಳು ಬಿಚ್ಚಿಕೊಂಡು ಬಂದು ಅವಳ ಅಂಗೈ ಇದ್ದಲ್ಲೇ ಒಳಗಿನಿಂದ ಅಂಟಿತು. ಆಮೇಲೆ ಕಣ್ಣ ಕೆಳಗೆ ಒಂದು ಎದ್ದಿತು, ಅದರ ಪಕ್ಕ ಇನ್ನೊಂದು, ಮತ್ತೊಂದು.

ಹೆದರಿಕೊಂಡೇ ಇದ್ದಿದ್ದರೆ ಅದು ಬದುಕುತ್ತಿತ್ತು.

"ಏನಾತ್ರಿ?" ಹೊರಗಿನಿಂದ ಶಶಿಧರ ಕೇಳಿದ.

ಅವಳು ಎರಡನೆಯ ಚೀಲವನ್ನೂ ಕೋಟಿನೊಳಗೆ ಎಳೆದುಕೊಂಡು ಕಾದಳು. ಅದರ ಕಣ್ಣ ಕೆಳಗೆ ಕೊನೆಗೂ ಏನೂ ಏಳಲಿಲ್ಲ.

"ಚೀಟಿ ಬದಲ್ ಮಾಡ್ಕ್," ಎಂದಳು. "ತಪ್ಪ್ ನಂದೇ."

ವ್ಯಾನು ಎರಡನೆಯ ಚೀಲವನ್ನು ಹೊತ್ತು ಹೋಯಿತು. ಶೆಡ್ಡಿನ ದೊಡ್ಡ ಬಾಗಿಲಿನಿಂದ ಕೊರೆಯುವ ಗಾಳಿ ನುಗ್ಗಿತು.

"ಥಂಡಿ ಐತಿ, ಕೋಟು ಹಾಕ್ಕೋರಿ," ಎಂದ ಶಶಿಧರ.

"ಇರ್ಲಿ," ಎಂದಳು. ಪ್ರಯೋಗಾಲಯದ ವ್ಯಾನು ಬರುವವರೆಗೂ ಕೋಟು ಉಳಿದ ಆ ಮೊದಲ ಚೀಲದ ಮೇಲೆಯೇ ಇತ್ತು.