ಗೆರೆ ಮುಟ್ಟದ ಟ್ರೇಲರ್

ಟ್ರ್ಯಾಕ್ಟರ್ ಮುಂದಕ್ಕೆ ಓಡಿಸುವುದರಲ್ಲಿ ತೇಜಶ್ರೀಯ ಬಗ್ಗೆ ಯಾರೂ ಒಂದು ಮಾತು ಆಡುವಂತಿರಲಿಲ್ಲ. ಪರಶುರಾಂಪುರದ ಸುತ್ತಲಿನ ಹೊಲಗಳಿಂದ ಶೇಂಗಾ, ಈರುಳ್ಳಿ, ಗೊಬ್ಬರ ಏನೇ ಇರಲಿ, ಟ್ರೇಲರ್ ತುಂಬಿ ಕೊಟ್ಟರೆ ಹೇಳಿದ ಜಾಗಕ್ಕೆ ಮುಟ್ಟಿಸುತ್ತಿದ್ದಳು. ತಾಪತ್ರಯವೆಲ್ಲ ಹಿಂದಕ್ಕೆ ಬರುವುದರಲ್ಲಿತ್ತು.

ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಬರುವಾಗ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೊರಳುತ್ತದೆ. ಸ್ವಲ್ಪ ಹೆಚ್ಚಾದರೆ ಮೊಣಕೈ ಮಡಚಿದಂತೆ ಟ್ರ್ಯಾಕ್ಟರೂ ಟ್ರೇಲರೂ ಮಡಚಿ ನಿಲ್ಲುತ್ತವೆ. ತೇಜಶ್ರೀ ಬೇಕಾದಷ್ಟು ಸಲ ಮಡಚಿದ್ದಳು. ನೆರೆಯ ಜಂಬುಲಿಂಗಪ್ಪನ ಬೇಲಿಯ ಕಲ್ಲು ಉರುಳಿಸಿದ್ದಳು. ಮನೆಯ ಮುಂದೆ ಕುರಿಗಳು ನೀರು ಕುಡಿಯುವ ತೊಟ್ಟಿ ಒಡೆದಿದ್ದಳು. ಪ್ರತಿ ಸಲವೂ ಅವಳ ಮಾವ ಜಂಪಣ್ಣ ಹೆಂಗಾಯ್ತೆಂದು ವಿಚಾರಿಸಿ, ಕೊನೆಗೆ ಹೆಗಲ ಮೇಲಿನ ಟವೆಲ್ ಕೊಡವಿ ಹೇಳುತ್ತಿದ್ದದ್ದು ಒಂದೇ.

“ಏಟು ತಿಂದೇ ಕಲೀಬೇಕಮ್ಮ. ನಾನೂ ಹಂಗೇ ಕಲ್ತಿದ್ದು.”

ಏಟು ತೇಜಶ್ರೀಗೆ ಕಲಿಸಿದ್ದು, ಏಟು ಬೀಳುವ ಮುಂಚೆಯೇ ಹೆಗಲು ಬಿಗಿಹಿಡಿಯುವುದನ್ನು ಮಾತ್ರ.

ಟ್ರ್ಯಾಕ್ಟರ್ ಅವಳ ಗಂಡ ಕಿರಣ್‌ಕುಮಾರನದು. ಅವನು ಬೈಕ್ ಅಪಘಾತದಲ್ಲಿ ಹೋದ ಮೇಲೆ ಕೆಲವು ತಿಂಗಳು ಅದು ಬೇವಿನ ಮರದಡಿ ನಿಂತಿತ್ತು. ಒಂದು ದಿನ ತೇಜಶ್ರೀ ಹೋಗಿ ಹತ್ತಿದಳು. ದಾವಣಗೆರೆಯಲ್ಲಿ ಎಂ.ಎ. ಓದಿದವಳು ಬಾಡಿಗೆ ಹೊಡೆಯುತ್ತಾಳೆಂದು ಊರು ಮೊದಲು ನಕ್ಕಿತು, ಆಮೇಲೆ ಸುಮ್ಮನಾಯಿತು. ಅವಳಿಗೆ ಆ ನಗುವೂ ತಾಗಲಿಲ್ಲ, ಆ ಮೌನವೂ ತಾಗಲಿಲ್ಲ. ಅವನು ಹೋದಂದಿನಿಂದ ಊಟದ ರುಚಿಯಾಗಲಿ ಹಬ್ಬದ ಗದ್ದಲವಾಗಲಿ ಅವಳ ಮೈಗೆ ತಾಗುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದಾಗ ಮಾತ್ರ ಅಂಗೈ ಬೆಚ್ಚಗಾಗುತ್ತಿತ್ತು.

ಹೋದ ವರ್ಷ ಶೇಂಗಾ ಕಾಲದಲ್ಲಿ ಚಳ್ಳಕೆರೆಯ ಎಣ್ಣೆ ಗಿರಣಿಯೊಂದಕ್ಕೆ ಲೋಡು ಒಯ್ದಿದ್ದಳು. ಎರಡು ಲಾರಿಗಳ ನಡುವಿನ ಸಂದಿಗೆ ಹಿಂದಕ್ಕೆ ಹಾಕಬೇಕಿತ್ತು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಹೆದರುವುದಕ್ಕೂ ಪುರುಸೊತ್ತಿರಲಿಲ್ಲ. ಕೈ ಒಂದಿಷ್ಟು ತಿರುಗಿತು, ತಾನೇ ವಾಪಸ್ಸು ಬಂತು. ಸಂಜೆ ಎಮ್ಮೆ ಕೊಟ್ಟಿಗೆಗೆ ಹೋಗುವ ಹಾಗೆ ಟ್ರೇಲರ್ ನೆಟ್ಟಗೆ ಒಳಗೆ ಹೋಗಿ ನಿಂತಿತು.

ತೇಜಶ್ರೀ ಇಳಿಯಲಿಲ್ಲ. ಹೊರಗೆ ತೆಗೆದು ಮತ್ತೆ ಹಾಕಿದಳು. ಮತ್ತೆ ಹೊರಗೆ ತೆಗೆದಳು.

“ಏನಕ್ಕಾ, ಶೇಂಗಾ ಇಳಿಸಾಕೆ ಬಂದೀಯೋ, ಉಯ್ಯಾಲೆ ಆಡಾಕೆ ಬಂದೀಯೋ?” ಎಂದು ಹಮಾಲಿಗಳು ಕೂಗಿದರು.

“ಇನ್ನೊಂದೇ ಸಲ ಅಣ್ಣ,” ಎಂದಳು.

ಅಷ್ಟು ತಿಂಗಳ ತಪ್ಪುಗಳು ಹೇಳದೇ ಇದ್ದದ್ದನ್ನು ಆ ಒಂದು ಸರಿ ಹೇಳಿತ್ತು. ತಪ್ಪಿಗೆ ನೂರು ದಾರಿ; ಎಲ್ಲವನ್ನೂ ಕಂಡು ಬಂದರೂ ಸರಿ ಯಾವ ಕಡೆ ಇದೆಯೆಂದು ಗೊತ್ತಾಗುವುದಿಲ್ಲ. ಸರಿಯನ್ನು ಒಮ್ಮೆ ಮುಟ್ಟಿದ ಕೈ ಮಾತ್ರ ಮತ್ತೆ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಮನೆಗೆ ಬಂದು ಹೇಳಿದಳು. ಜಂಪಣ್ಣ ಮುಖ ಎತ್ತಲಿಲ್ಲ.

“ಯಾವಾಗಲೋ ಒಂದ್ಸಲ ಕೂರ್ತೈತೆ. ಅದೃಷ್ಟ.”

“ತೊಟ್ಟಿ ಒಡೆದಿದ್ದು?”

“ಅದು ನಿನ್ನ ಕೈ.”

ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆ ಸೂರಮ್ಮ ಅಲ್ಲಿಂದಲೇ ಕೂಗಿದಳು. “ಒಡೆದ್ರೆ ಸೊಸೆ ಕೈ, ಕೂತ್ರೆ ದೇವರ ಕೈ. ಭಾಳ ಚೆನ್ನಾಗೈತೆ ಬಿಡು ನಿನ್ನ ನ್ಯಾಯ!”

ಈ ವರ್ಷ ಮನೆಯ ಕಿರಿಯ ಮಗ, ಅವಳ ಮೈದುನ ಮಾರುತೇಶ ಬಳ್ಳಾರಿ ಕಡೆಯ ಲಾರಿ ಕೆಲಸ ಬಿಟ್ಟು ಮನೆಗೆ ಬಂದ. ಬಂದ ವಾರಕ್ಕೇ ಜಂಪಣ್ಣ ಮಾತು ತೆಗೆದ. “ಈಗ ಗಂಡು ಮನೇಲೈತೆ. ಕೀ ಅವನಿಗೆ ಕೊಡಮ್ಮ. ನೀನು ಓದ್ದೋಳು, ನೆರಳಲ್ಲಿ ಕೂತು ಮಾಡೋ ಕೆಲಸ ನೋಡ್ಕ.”

“ಕೊಡಲ್ಲ ಮಾವ.”

ಅವಳು ಮಾವನಿಗೆ ಆಗಲ್ಲ ಎಂದದ್ದು ಅದೇ ಮೊದಲು. ಜಂಪಣ್ಣನಿಗೆ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಾಯಿತು. ಒಬ್ಬ ಮಗನನ್ನು ರಸ್ತೆಗೆ ಕೊಟ್ಟವನು ಅವನು.

“ಹಂಗಾದ್ರೆ ಕೇಳು. ರಾಜ್ಯೋತ್ಸವಕ್ಕೆ ಯುವಕರ ಸಂಘದೋರು ರಿವರ್ಸ್ ಸ್ಪರ್ಧೆ ಇಡ್ತಾರಲ್ಲ, ಅಲ್ಲಿ ಜನದ ಎದುರಿಗೆ ಗೆರೆ ಮುಟ್ಟದಂಗೆ ಹಾಕು. ಇನ್ಮೇಲೆ ನಾನು ಕೀ ಮಾತು ಎತ್ತಲ್ಲ. ಮುಟ್ಟಿದ್ಯೋ, ಕೀ ಮಾರುತೇಶಂಗೆ.”

ಹೆದರಿ ಹಿಂದೆ ಸರಿಯುತ್ತಾಳೆಂದು ಅವನ ಲೆಕ್ಕ.

“ಆಗ್ಲಿ ಮಾವ,” ಎಂದಳು ತೇಜಶ್ರೀ.

ಶೇಂಗಾ ಕಿತ್ತ ಹೊಲವನ್ನು ಸಮ ಮಾಡಿ, ಹಾವು ಹೊರಳಿದಂತೆ ಎರಡು ಸುಣ್ಣದ ಗೆರೆ ಎಳೆದಿದ್ದರು. ಕೊನೆಯಲ್ಲಿ ಟ್ರೇಲರ್ ಹಿಡಿಸುವಷ್ಟೇ ಒಂದು ಚೌಕ. ಗೆರೆ ಮುಟ್ಟಿದರೆ ಔಟ್, ನಡುವೆ ಒಮ್ಮೆ ಮುಂದಕ್ಕೆ ಬಂದರೂ ಔಟ್. ಕಡಿಮೆ ಹೊತ್ತಿನಲ್ಲಿ ಚೌಕ ಸೇರಿದವನಿಗೆ ಬಹುಮಾನ. ಮೊಳಕಾಲ್ಮೂರು, ರಾಂಪುರದಿಂದಲೂ ಟ್ರ್ಯಾಕ್ಟರುಗಳು ಬಂದಿದ್ದವು.

ಸಂಘದ ಅಧ್ಯಕ್ಷ ಮುತ್ತುರಾಜ್ ಮೈಕ್ ಹಿಡಿದ. “ಬಂಧುಗಳೇ, ಸ್ಪರ್ಧೆಗೆ ಮುಂಚೆ ಒಂದು ಸನ್ಮಾನ. ಚಿಕ್ಕ ವಯಸ್ಸಿಗೇ ಗಂಡನ್ನ ಕಳ್ಕೊಂಡು, ಕಷ್ಟದ ಬೆಂಕೀಲಿ ಬೆಂದು, ಆ ಕಷ್ಟದಿಂದಲೇ ಪಾಠ ಕಲಿತ ನಮ್ಮೂರ ಸೊಸೆ ತೇಜಶ್ರೀ ವೇದಿಕೆಗೆ ಬರಬೇಕು.”

ಅವಳು ವೇದಿಕೆಯ ಹತ್ತಿರ ಹೋದಳು, ಹತ್ತಲಿಲ್ಲ.

“ಮುತ್ತುರಾಜಣ್ಣ, ಶಾಲು ಎತ್ತಿಡು. ಗೆದ್ದೋರಿಗೆ ಹೊದಿಸು.”

“ಅಲ್ಲಮ್ಮ, ಇದು ನಿನ್ನ ಹೋರಾಟಕ್ಕೆ ಕೊಡೋದು...”

“ನಾನು ಯಾರ ಜೊತೆಗೂ ಹೋರಾಡಿಲ್ಲ. ಗಂಡ ಹೋದ್ರು. ಅದು ನಂಗೆ ಏನೂ ಕಲಿಸಿಲ್ಲ.”

ಮೈಕ್ ಆರಿಸುವುದನ್ನು ಮುತ್ತುರಾಜ್ ಮರೆತಿದ್ದ. ಮಾತು ಹೊಲದ ತುಂಬ ಕೇಳಿಸಿತು.

“ಹಂಗನ್ನಬಾರ್ದಮ್ಮ. ಕಷ್ಟ ಬರದೇ ಇದ್ದಿದ್ರೆ ನೀನು ಸ್ಟೇರಿಂಗ್ ಹಿಡೀತಿದ್ಯಾ?”

“ಹಿಡೀತಿದ್ದೆ. ಅವರೇ ಕಲಿಸ್ತಿದ್ರು. ನಗ್ತಾ ನಗ್ತಾ ಒಂದು ವಾರಕ್ಕೆ ಕಲಿಸ್ತಿದ್ರು. ಅವರಿಲ್ಲ ಅಂತ್ಲೇ ಇಷ್ಟು ದಿನ ಹಿಡೀತು.”

ಯಾರೋ ನಗಲು ಹೋಗಿ ನಿಲ್ಲಿಸಿದರು. ಮುತ್ತುರಾಜ್ ದನಿ ತಗ್ಗಿಸಿದ. “ಆಯ್ತು, ಸುಮ್ನೆ ಪ್ರದರ್ಶನಕ್ಕೆ ಒಂದು ರೌಂಡ್ ಹೊಡಿ. ಟೈಮ್ ನೋಡಲ್ಲ, ಗೆರೆನೂ ನೋಡಲ್ಲ.”

“ಎರಡೂ ನೋಡು. ಚೀಟೀಲಿ ನನ್ನ ಹೆಸರು ಹಾಕು.”

ಚೀಟಿಯಲ್ಲಿ ಅವಳಿಗೆ ಕೊನೆಯ ಸರದಿ ಬಂತು. ರಾಂಪುರದ ಹೊನ್ನೂರಸ್ವಾಮಿ ಒಂದೇ ಉಸಿರಿಗೆ ಎಂಬಂತೆ ಚೌಕ ಸೇರಿದ. ಹೊತ್ತಿನ ಲೆಕ್ಕದಲ್ಲಿ ಮಾರುತೇಶನೂ ಅವನ ಹಿಂದೆಯೇ ಇದ್ದ. ಗೆರೆ ಮುಟ್ಟಲಿಲ್ಲ, ಎರಡನೆಯ ಬಹುಮಾನ ಅವನಿಗೇ ಎಂದು ಆಗಲೇ ಎಲ್ಲರಿಗೂ ಗೊತ್ತಾಯಿತು. ಉಳಿದವರಲ್ಲಿ ಅರ್ಧಕ್ಕರ್ಧ ಜನ ಗೆರೆ ಮುಟ್ಟಿ ಔಟಾದರು. ಪ್ರತಿ ಸಲ ಹುಡುಗರು ಓಡಿ ಬಂದು ಹೊಸದಾಗಿ ಸುಣ್ಣ ಹಾಕಿದರು.

ತೇಜಶ್ರೀ ಮೊದಲ ತಿರುವನ್ನು ಸಲೀಸಾಗಿ ದಾಟಿದಳು. ಎರಡನೆಯದರಲ್ಲಿ ಟ್ರೇಲರ್ ಬೇಗ ಹೊರಳಿತು. ಹಿಂದಿನ ಚಕ್ರ ಸುಣ್ಣದ ಕಡೆ ಜಾರತೊಡಗಿತು. ಹೆಗಲು ಬಿಗಿಯಿತು. ಅವಳು ಬ್ರೇಕ್ ಒತ್ತಿ ನಿಲ್ಲಿಸಿಬಿಟ್ಟಳು.

“ಆಯ್ತು ಬಿಡಮ್ಮ, ಮುಂದಕ್ಕೆ ತಗೋ!” ಎಂದು ಒಬ್ಬ ಕೂಗಿದ.

“ನಿದಾನಂ ಅಕ್ಕಾ, ನಿದಾನಂ!” ಎಂದು ಹೊನ್ನೂರಸ್ವಾಮಿ ತೆಲುಗಿನಲ್ಲಿ ಕೂಗಿದ.

“ಬಾಯಿ ಮುಚ್ರೋ, ಓಡಿಸೋಳು ಅವಳೋ ನೀವೋ!” ಅದು ಸೂರಮ್ಮನ ದನಿ.

ಹೊತ್ತು ಹೋಗುತ್ತಿತ್ತು. ಹೋಗಲಿ ಎಂದು ಬಿಟ್ಟಳು. ಬಿದ್ದ ಕಲ್ಲು, ಒಡೆದ ತೊಟ್ಟಿ ಎಲ್ಲವೂ ಸಾಲಾಗಿ ಕಣ್ಣ ಮುಂದೆ ಬಂದು ನಿಂತವು. ಒಂದರ ಹತ್ತಿರವೂ ಉತ್ತರವಿರಲಿಲ್ಲ. ಅವುಗಳನ್ನು ಆಚೆ ತಳ್ಳಿ, ಗಿರಣಿಯ ಅಂಗಳದಲ್ಲಿ ಕೈ ಹೇಗಿತ್ತು ಎಂಬುದೊಂದನ್ನೇ ನೆನೆದಳು. ಬೆರಳು ಸಡಿಲವಾದವು. ಸ್ಟೇರಿಂಗ್ ತಿರುಗಿಸಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಟ್ರೇಲರ್ ಒಮ್ಮೆ ಅನುಮಾನಿಸಿ, ನಿಧಾನವಾಗಿ ನೆಟ್ಟಗಾಯಿತು. ಅಲ್ಲಿಂದ ಚೌಕದವರೆಗೆ ಅವಳು ಅವಸರ ಮಾಡಲಿಲ್ಲ.

ಬಹುಮಾನದ ಹತ್ತಿರಕ್ಕೂ ಅವಳು ಬರಲಿಲ್ಲ. ಮುತ್ತುರಾಜ್‌ಗೆ ಮತ್ತೆ ಹುರುಪು ಬಂತು. “ಸೋತರೂ ಸೋಲಿನಿಂದ ಪಾಠ ಕಲಿತ ನಮ್ಮ ಸಹೋದರಿ...”

“ಗೆರೆ ನೋಡಿ ಮಾತಾಡು ಮುತ್ತುರಾಜಣ್ಣ,” ಎಂದು ಸೀಟಿನ ಮೇಲಿಂದಲೇ ಕೂಗಿದಳು. “ನಾನು ಹೇಳಿ ಬಂದಿದ್ದು ಗೆರೆ ಮುಟ್ಟಲ್ಲ ಅಂತ. ಮುಟ್ಟಿಲ್ಲ. ಸೋಲು ಎಲ್ಲೈತೆ ತೋರಿಸು.”

ಜಂಪಣ್ಣ ಜನರನ್ನು ಸರಿಸಿಕೊಂಡು ಬಂದ. “ಮಾರುತೇಶಂಗೆ ಬಹುಮಾನ ಬಂತು. ನೀನು ನಡುವೆ ನಿಂತ್ಯಲ್ಲ?”

“ನಿಲ್ಲಬಾರದು ಅಂತ ನೀವು ಹೇಳಿರಲಿಲ್ಲ ಮಾವ.”

“ಅಪ್ಪಾ, ಅತ್ತಿಗೆ ಮುಟ್ಟಿಲ್ಲ. ನಾನು ನೋಡ್ದೆ,” ಎಂದ ಮಾರುತೇಶ.

ಜಂಪಣ್ಣ ಮಗನ ಮಾತಿಗೂ ಒಪ್ಪಲಿಲ್ಲ. ಟವೆಲ್ ಸೊಂಟಕ್ಕೆ ಸುತ್ತಿ, ಚೌಕದಿಂದ ಶುರುಮಾಡಿ ಗೆರೆಯ ಪಕ್ಕದಲ್ಲೇ ಬಗ್ಗಿ ನೋಡುತ್ತಾ ನಡೆದ. ಎರಡನೆಯ ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತ. ಚಕ್ರದ ಗುರುತಿಗೂ ಸುಣ್ಣಕ್ಕೂ ನಡುವೆ ಕಿರುಬೆರಳು ಇಡುವಷ್ಟು ಜಾಗವಿತ್ತು. ಇಟ್ಟೂ ನೋಡಿದ. ಸುಣ್ಣ ಕದಡಿರಲಿಲ್ಲ.

ತೇಜಶ್ರೀ ಟ್ರ್ಯಾಕ್ಟರ್ ಇಳಿಯಲಿಲ್ಲ. ಇಂಜಿನ್ ಆರಿಸಲೂ ಇಲ್ಲ. ಅವನು ‘ಅದೃಷ್ಟ’ ಎನ್ನುವುದನ್ನೇ ಕಾಯುತ್ತಿದ್ದಳು. ಅವನು ಹಾಗೆ ಅಂದರೆ ಇಷ್ಟು ಜನರ ಮುಂದೆಯೇ ಕೊಡಬೇಕಾದ ಉತ್ತರ ನಾಲಿಗೆಯ ತುದಿಯಲ್ಲಿತ್ತು.

ಜಂಪಣ್ಣ ಎದ್ದು ಬಂದು ದೊಡ್ಡ ಚಕ್ರದ ಪಕ್ಕ ನಿಂತ.

“ಅಲ್ಲಿ ಮಡಚಾಕೆ ಶುರುವಾಗಿತ್ತು.”

“ಹೌದು.”

“ಬಿಡಿಸ್ದೆ.”

“ಬಿಡಿಸ್ದೆ.”

ಅವನು ತಿರುವಿನ ಕಡೆ ನೋಡಿದ, ಅವಳ ಕಡೆ ನೋಡಿದ. ಬೇಲಿ ಬಿದ್ದಾಗ ಹೆಂಗೆ ಬೀಳಿಸ್ದೆ ಎಂದು ಕೇಳಿದವನು, ತೊಟ್ಟಿ ಒಡೆದಾಗ ಹೆಂಗೆ ಒಡೆದೆ ಎಂದು ಕೇಳಿದವನು, ಸರಿಯಾದದ್ದರ ಬಗ್ಗೆ ಎಂದೂ ಒಂದು ಪ್ರಶ್ನೆ ಕೇಳಿರಲಿಲ್ಲ.

“ಹೆಂಗೆ?” ಎಂದ.

“ಟ್ರೇಲರ್ ಯಾವ ಕಡೆ ಓಡ್ತಿತ್ತೋ ಆ ಕಡೆಗೇ ಕೊಟ್ಟೆ. ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಹತ್ರಿ ಮಾವ.”

ಜಂಪಣ್ಣ ಸುತ್ತಲೂ ನಿಂತ ಜನವನ್ನು ಒಮ್ಮೆ ನೋಡಿ, ಮಡ್‌ಗಾರ್ಡ್ ಹಿಡಿದು ಹತ್ತಿ ಕೂತ.

“ಹಿಂದೆ ನೋಡ್ತಾ ಇರಿ,” ಎಂದಳು ತೇಜಶ್ರೀ ಗೇರ್ ಹಾಕುತ್ತಾ. “ನನ್ನ ಕೈ ನೋಡಬೇಡಿ.”