ಕೌದಿಯ ಹೊಟ್ಟೆ

ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ತಾಯವ್ವನ ಕೈ ಮತ್ತೆ ನಿಂತಿತು. ಹರಳು ಆರಿಸುವುದನ್ನು ಬಿಟ್ಟು ಮೂಲೆಯಲ್ಲಿದ್ದ ಗಂಟಿನ ಕಡೆ ನೋಡಿದಳು, ಎದ್ದು ನೀರು ಕುಡಿದಳು, ಬಂದು ಕೂತಳು, ಮತ್ತೆ ಎದ್ದಳು.

"ಏನ್ಲೇ ತಾಯಿ, ಕುಂತಲ್ಲೆ ಇರಿವಿ ಕಡಿಯಾಕತ್ತಾವೇನ?" ಎಂದಳು ಹೊಸ್ತಿಲ ಮೇಲೆ ಕೂತಿದ್ದ ನೆರೆಮನೆಯ ಸತ್ಯವ್ವ.

"ಆ ಕಾಗದದ್ದ ಚಿಂತಿ."

ಗಂಟಿನಲ್ಲಿದ್ದದ್ದು ಒಂದು ಕೌದಿ. ರಬಕವಿಯಲ್ಲಿ ನಲವತ್ತು ವರ್ಷದಿಂದ ಜನರ ಹಳೆಯ ಸೀರೆಗಳನ್ನು ತುಂಡುಮಾಡಿ, ಜೋಡಿಸಿ, ಹೊದೆಯಲು ಕೌದಿ ಹೊಲಿದುಕೊಟ್ಟವಳು ತಾಯವ್ವ. ಒಂದರ ಮೇಲೂ ಅವಳ ಹೆಸರಿರಲಿಲ್ಲ. ಮೂರು ತಿಂಗಳ ಹಿಂದೆ, ಜಮಖಂಡಿಯ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ದಾನೇಶ್ವರಿ ಮನೆಗೆ ಬಂದಿದ್ದಳು. ಮುಗಿಯುತ್ತ ಬಂದಿದ್ದ ಈ ಕೌದಿಯನ್ನು ಪ್ರದರ್ಶನದಲ್ಲಿ ತೂಗುಹಾಕುತ್ತೇನೆ, ಕೆಳಗೆ ನಿಮ್ಮ ಹೆಸರಿರುತ್ತದೆ ಎಂದಿದ್ದಳು. ಕರಾರು ಒಂದೇ. "ಕಲೆ ಅಂದ್ರ ನಿಮ್ಮ ಪಾಲಿಗೆ ಏನು ಅಂತ ನಿಮ್ಮ ಕೈಲೇ ಬರದ ಟಪಾಲಕ್ಕ ಹಾಕ್ರಿ, ಆಯಿ. ನಾ ಹೇಳಿದ್ದ ಬ್ಯಾಡ, ಪುಸ್ತಕದ್ದೂ ಬ್ಯಾಡ." ಕಾಗದ ಮುಟ್ಟದಿದ್ದರೆ ಕೌದಿಯೂ ಇಲ್ಲ, ಹೆಸರೂ ಇಲ್ಲ. ಸೋಮವಾರ ಕಡೆಯ ದಿನ. ಇವತ್ತು ಗುರುವಾರ.

ಮೊದಲು 'ಚಂದ ಇರುವುದೇ ಕಲೆ' ಎಂದು ಬರೆದಿದ್ದಳು. "ಹಂಗಾದ್ರ ನನ್ನ ಸೊಸಿ ಮಾರಿನೂ ಕಲೆನ, ಆಕಿ ಬಾಯಿ ತಗಿಯೂ ಮಟಾ," ಎಂದು ಸತ್ಯವ್ವ ನಕ್ಕಿದ್ದಳು. ಆ ಹಾಳೆ ಒಲೆಗೆ ಹೋಯಿತು. 'ಕೈಯಿಂದ ಮಾಡಿದ್ದು ಕಲೆ' ಎಂದು ಬರೆದ ದಿನ ಓಣಿಯ ತುಂಬ ಪಾವರ್‌ಲೂಮು ಖಟಖಟ ಅನ್ನುತ್ತಿದ್ದವು. ಆ ಮಗ್ಗದಿಂದ ಇಳಿದ ಸೀರೆಯ ಸೆರಗನ್ನೂ ತಾನು ಕಣ್ಣು ಕೀಳದೆ ನೋಡುತ್ತ ನಿಂತದ್ದು ನೆನಪಾಗಿ, ಅದೂ ಸುಳ್ಳೆನಿಸಿತು. ಉಪಯೋಗಕ್ಕೆ ಬಾರದ್ದೇ ಕಲೆ ಅನ್ನುವವರೂ ಇದ್ದಾರಂತೆ. ಹಾಗಾದರೆ ಹೊದ್ದು ಮಲಗುವ ಕೌದಿ ಏನು?

"ಸುಮ್ನ ಏನರೆ ಬರದ ಒಗಿಯಲೇ. ಯಾರ ಕುಂತ ಓದತಾರ?"

"ನಾ ಓದತೇನಲ್ಲ."

ತಾಯವ್ವ ಮತ್ತೆ ಮೊರಕ್ಕೆ ಕೈಹಾಕಿದಳು. ಬೊಗಸೆಗೆ ಬಂದ ಕಾಳು ನೋಡುತ್ತಲೇ ಬಿಟ್ಟುಹೋದದ್ದು ನೆನಪಾಯಿತು. ಅವ್ವ ಕಲಿಸಿದ ಪದ್ಧತಿ: ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರಬೇಕು. ನಡುವಿನ ಕಡೆಯ ತೇಪೆಯೇ ಅದರ ಹೊಟ್ಟೆ. ಮುಚ್ಚುವ ಮೊದಲು ಐದು ಕಾಳು ಜೋಳ ಇಡಬೇಕು, ಕೌದಿ ಹಸಿದಿರಬಾರದು. ಅವತ್ತು ದಾನೇಶ್ವರಿಯ ಮಾತು ಕೇಳುತ್ತ, ಹೆಸರಿನ ಗುಂಗಿನಲ್ಲಿ, ಹೊಟ್ಟೆಯನ್ನು ಬರಿದೇ ಮುಚ್ಚಿಬಿಟ್ಟಿದ್ದಳು.

"ಯವ್ವಾ, ಹಸದೈತಿ ಅದು!" ಗಂಟು ಬಿಚ್ಚಿ ಕತ್ತರಿ ತೆಗೆದಳು.

ಸತ್ಯವ್ವ ಓಡಿಬಂದು ಕೈ ಹಿಡಿದಳು. "ಹುಚ್ಚ ಹಿಡೀತೇನಬೇ? ಗ್ವಾಡಿಗೆ ಹಾಕೂದಕ್ಕ ಕಾಳ ಯಾಕ ಬೇಕು? ಯಾರಿಗೆ ಕಾಣತೈತಿ?"

"ಯಾರಿಗೂ ಕಾಣೂದಿಲ್ಲ. ಕೈ ಬಿಡು."

ನಡುವಿನ ತೇಪೆ ಸವೆದ ಇಳಕಲ್ ಸೀರೆಯದು. ಹೊಲಿಗೆ ಬಿಚ್ಚುವಾಗ ಅಂಚು ಹಿಂಜಿತು. ಕೆಂಪು ದಾರ ತೀರಿತ್ತು, ಬಿಳಿಯದರಲ್ಲೇ ಹೊಲಿದಳು. ಐದು ಕಾಳು ಒಳಗೆ ಹೋದವು, ಮೇಲೆ ಸುಕ್ಕು ಉಳಿಯಿತು.

"ಚಂದ ಇದ್ದದ್ದ ಕೆಡಿಸಿದಿ ನೋಡು."

"ಹೌದು, ಕೆಟ್ಟತು," ಎಂದ ತಾಯವ್ವ ಕಾಲು ಮಡಚಿ ಕೂತಳು. "ಆ ಪೆನ್ನ ಕೊಡ ಇಲ್ಲೆ."

'ಅಕ್ಕೋರಿಗೆ ಶರಣು. ಕೌದಿಯ ನಡುವೆ ಸುಕ್ಕು ಬಿದ್ದಿದೆ. ಅದರ ಕೆಳಗೆ ಐದು ಕಾಳು ಜೋಳ ಇವೆ. ನೋಡುವವರಿಗೆ ಕಾಣುವುದಿಲ್ಲ, ಹೊದೆಯುವವರಿಗೂ ಗೊತ್ತಾಗುವುದಿಲ್ಲ. ಅವನ್ನು ಇಡದೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರೂ ಕೇಳದಿದ್ದರೂ, ಮಾಡಿದವರನ್ನು ಹೀಗೆ ಎಬ್ಬಿಸಿ ಕಾಡುವುದು ಯಾವುದೋ, ನನ್ನ ಪಾಲಿಗೆ ಅದೇ ಕಲೆ. ಸುಕ್ಕು ಬೇಡವಾದರೆ ಕೌದಿ ತೂಗುಹಾಕಬೇಡಿರಿ. ತಾಯವ್ವ.'

ಟಪಾಲು ಡಬ್ಬಿಯವರೆಗೂ ಸತ್ಯವ್ವ ಬೆನ್ನು ಬಿಡಲಿಲ್ಲ. "ಸುಕ್ಕ ನೋಡಿ ಒಲ್ಲೆ ಅಂದ್ರ? ಹೆಸರ ಹೋತಲ್ಲಲೇ?"

ಅರ್ಧ ಒಳಗೆ ಹೋಗಿದ್ದ ಕಾಗದ ಬೆರಳಲ್ಲೇ ನಿಂತಿತು.

"ಹೋದ್ರ ಹೋಗ್ಲಿ ಅನ್ನಾಕ ಬಾಯಿ ಬರವಲ್ದು," ಎಂದ ತಾಯವ್ವ, ಅದನ್ನು ಪೂರಾ ಒಳಗೆ ತಳ್ಳಿದಳು.