ಬಾಯಿಬಿಟ್ಟು ಯೋಚಿಸಿದವಳು

ಮನೆಯಲ್ಲಿ ಎಲ್ಲರೂ ಅವಳನ್ನು ಮೌನಿ ಎಂದೇ ಕರೆಯುತ್ತಿದ್ದರು. ಕೇಳಿದ್ದಕ್ಕೆ ಹೂಂ ಅಥವಾ ಊಹೂಂ; ಅದಕ್ಕಿಂತ ಹೆಚ್ಚು ಬೇಕಿದ್ದರೆ ಇನ್ನೊಮ್ಮೆ ಕೇಳಬೇಕು. ಕಾಲೇಜಿನ ಕೊನೆಯ ವರ್ಷ, ಕಂಪ್ಯೂಟರಿನ ಮುಂದೆ ಕೂತರೆ ಕೈ ಬಲು ಚುರುಕು. ಅಂಥವಳು ಇಂಟರ್ನ್‌ಶಿಪ್‌ನ ಮೊದಲ ಸಂದರ್ಶನದಲ್ಲೇ ಮುಗ್ಗರಿಸಿದಳು. ಕೊಟ್ಟ ಸಮಸ್ಯೆಯನ್ನು ತುಟಿಪಿಟಕ್ಕೆನ್ನದೆ ಇಪ್ಪತ್ತು ನಿಮಿಷದಲ್ಲಿ ಬಿಡಿಸಿಟ್ಟು ಬಂದಿದ್ದಳು. ಎರಡು ದಿನದ ಮೇಲೆ ಉತ್ತರ ಬಂತು: "ನಿಮ್ಮ ಪರಿಹಾರ ಸರಿಯಿತ್ತು. ಆದರೆ ನೀವು ಹೇಗೆ ಯೋಚಿಸುತ್ತೀರಿ ಎಂಬುದು ನಮಗೆ ತಿಳಿಯಲಿಲ್ಲ."

"ಸರಿಯಿದ್ದ ಮೇಲೆ ಇನ್ನೇನು ಬೇಕಂತೆ?" ಎಂದು ಅಪ್ಪ ಗೊಣಗಿದರು.

ಚಿಕ್ಕಮ್ಮ ಮಾತ್ರ ಅದನ್ನು ಎರಡು ಸಲ ಓದಿ ನಕ್ಕಳು. ಹದಿನಾಲ್ಕು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು ಅವಳು. "ಅವರು ಹೇಳಿದ್ದು ಸರಿಯಾಗೇ ಇದೆ ಕಣೇ. ಕಲಿಯೋರು ಬಾಯಿ ಮುಚ್ಕೊಂಡು ಗಾಡಿ ಓಡಿಸಿದ್ರೆ ನಾನು ಜೀವ ಅಂಗೈಯಲ್ಲಿ ಹಿಡ್ಕೊಂಡು ಕೂರ್ಬೇಕು. ಕನ್ನಡಿ ನೋಡಿದೆ, ಈಗ ಬಲಕ್ಕೆ ತಿರುಗ್ತೀನಿ ಅಂತ ಹೇಳ್ತಿದ್ರೆ ತಾನೆ ಅವರು ತಪ್ಪು ಮಾಡೋಕೆ ಮುಂಚೆ ನಾನು ನನ್ನ ಕಡೆ ಬ್ರೇಕ್ ಒತ್ತೋದು? ಮುಂದಿನ ಸಂದರ್ಶನ ಯಾವಾಗ?"

"ಬೇರೆ ಕಂಪನಿದು, ಹತ್ತು ದಿನಕ್ಕೆ."

"ಬೇಕಾದಷ್ಟಾಯ್ತು. ಇವತ್ತಿಂದ ಏನು ಮಾಡಿದ್ರೂ ಹೇಳ್ಕೊಂಡು ಮಾಡು."

ಮೊದಲ ದಿನ ನಾಚಿಕೆಯಿಂದ ಪ್ರಾಣವೇ ಹೋದಂತಾಯಿತು. "ಈರುಳ್ಳಿ ತಗೊಂಡೆ. ಚಾಕು ಮೊಂಡಾಗಿದೆ, ಬೇರೆ ಹುಡುಕ್ತೀನಿ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದಳು. ಮೂರನೆಯ ದಿನ ನಾಲಿಗೆ ಸಡಿಲವಾಯಿತು. ಐದನೆಯ ದಿನ ಅಪ್ಪ ಪೇಪರ್ ಹಿಡಿದುಕೊಂಡು ಮಹಡಿಗೆ ಓಡಿಹೋದರು. ಸಂಜೆ ಅವಳು ಲೆಕ್ಕ ಬಿಡಿಸುವಾಗ ಚಿಕ್ಕಮ್ಮ ಎದುರಿಗೆ ಕೂರುತ್ತಿದ್ದಳು. ಒಂದಕ್ಷರ ಅರ್ಥವಾಗದಿದ್ದರೂ, ಹುಡುಗಿ ಸುಮ್ಮನಾದ ಕೂಡಲೇ ಮೇಜು ತಟ್ಟುತ್ತಿದ್ದಳು.

ಸಂದರ್ಶನ ಏಳನೆಯ ಮಹಡಿಯ ಗಾಜಿನ ಕೋಣೆಯಲ್ಲಿ. ಎದುರಿಗೆ ಕನ್ನಡಕದ ಮೇಡಂ, ಪಕ್ಕದಲ್ಲಿ ಗಡ್ಡದ ಯುವಕ. ಕಾಲೇಜಿನ ಪ್ರಾಜೆಕ್ಟ್ ಬಗ್ಗೆ ನಾಲ್ಕು ಮಾತು ಕೇಳಿ, ಮೇಡಂ ಕೈಗೆ ಮಾರ್ಕರ್ ಕೊಟ್ಟರು. "ಒಂದು ಉದ್ದದ ಪಟ್ಟಿ ಇದೆ. ಎರಡೆರಡು ಸಲ ಸೇರಿರೋ ಗ್ರಾಹಕರನ್ನು ಹುಡುಕಬೇಕು."

"ಮೊದಲು ದಡ್ಡ ದಾರಿ ಹೇಳ್ತೀನಿ," ಎಂದು ಅವಳು ಬೋರ್ಡಿನ ಮುಂದೆ ನಿಂತಳು. "ಪ್ರತಿ ಹೆಸರನ್ನೂ ಉಳಿದ ಎಲ್ಲದರ ಜೊತೆ ಹೋಲಿಸೋದು. ಪಟ್ಟಿ ದೊಡ್ಡದಾದ್ರೆ ಇದು ಮುಗಿಯೋದೇ ಇಲ್ಲ. ಅದಕ್ಕೆ, ನೋಡಿದ ಹೆಸರನ್ನೆಲ್ಲ ಒಂದು ಕಡೆ ಗುರುತು ಹಾಕ್ಕೊಂಡು ಹೋಗ್ತೀನಿ. ಸರ್ ಗಡಿಯಾರ ನೋಡಿದ್ರು, ನಾನು ಎಳೀತಿದ್ದೀನಿ ಅನ್ಸುತ್ತೆ."

ಕೊನೆಯ ಮಾತೂ ಹೊರಗೇ ಬಿದ್ದಿತ್ತು. ಅವಳ ಕಿವಿ ಕೆಂಪಗಾಯಿತು.

ಯುವಕ ನಕ್ಕ. "ಇಲ್ಲ, ಊಟದ ಹೊತ್ತಾಯ್ತಾ ಅಂತ ನೋಡಿದೆ ಅಷ್ಟೆ. ನೀವು ಮುಂದುವರಿಸಿ."

ಅರ್ಧ ಬರೆಯುವಷ್ಟರಲ್ಲಿ ಅವಳ ಕೈ ನಿಂತಿತು. "ಇಲ್ಲಿ ಸಿಕ್ಕಾಕ್ಕೊಂಡೆ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆಯವರೇ ಆಗಿದ್ರೆ?"

"ಅದನ್ನ ನಮ್ಮನ್ನೇ ಕೇಳಬಹುದಲ್ಲ," ಎಂದರು ಮೇಡಂ.

"ಕೇಳಬಹುದಾ?"

"ಕೇಳ್ಲಿ ಅಂತಲೇ ಅದನ್ನ ಹೇಳದೆ ಬಿಟ್ಟಿದ್ದು. ಫೋನ್ ನಂಬರೂ ಇದೆ ಅಂದ್ಕೊಳ್ಳಿ."

ಅವಳು ಎರಡು ಸಾಲು ಅಳಿಸಿ, ಮತ್ತೆ ಬರೆದು ಮುಗಿಸಿದಳು. ಆಮೇಲೆ ಕೇಳಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಬಂತು. ಇನ್ನೊಂದಕ್ಕೆ "ಇದು ನನಗೆ ಬರಲ್ಲ, ಕಲೀಬೇಕು" ಎಂದಳು. ಯಾರೂ ಮುಖ ಗಂಟಿಕ್ಕಲಿಲ್ಲ.

"ನಮ್ಮನ್ನ ಕೇಳೋದು ಏನಾದ್ರೂ ಇದೆಯಾ?" ಎಂದರು ಮೇಡಂ.

"ಹೊಸಬರು ತಪ್ಪು ಮಾಡಿದ್ರೆ ಇಲ್ಲಿ ಏನಾಗುತ್ತೆ?"

ಯುವಕ ಗಡ್ಡ ಕೆರೆದುಕೊಂಡ. "ಹೋದ ವರ್ಷ ನಾನು ಇಡೀ ಆಫೀಸಿಗೆ ಒಂದೇ ಮೆಸೇಜನ್ನ ನಲವತ್ತು ಸಲ ಕಳಿಸಿಬಿಟ್ಟೆ. ಮೇಡಂ ಪಕ್ಕದಲ್ಲಿ ಕೂತು ಸರಿ ಮಾಡಿಸಿದ್ರು. ನೋಡಿ, ಇನ್ನೂ ಇಲ್ಲೇ ಇದ್ದೀನಿ."

ಸಂದರ್ಶನವಾದ ಐದನೆಯ ದಿನ ಅವಳು ಚಿಕ್ಕಮ್ಮನ ಕಾರಿನ ಹಿಂದಿನ ಸೀಟಿನಲ್ಲಿದ್ದಾಗ ಫೋನ್ ಬಂತು. ಸ್ಟಿಯರಿಂಗ್ ಹಿಡಿದಿದ್ದವರು ಕಾರು ಕಲಿಯಲು ಬಂದ ಹಲ್ಲಿನ ಡಾಕ್ಟರು. "ಪಕ್ಕಕ್ಕೆ ನಿಲ್ಸಿ ಡಾಕ್ಟ್ರೇ," ಎಂದಳು ಚಿಕ್ಕಮ್ಮ.

"ಸೋಮವಾರದಿಂದ ಮೂರು ತಿಂಗಳು. ಬರ್ತೀರಾ?" ಮೇಡಂ ದನಿ.

"ಬರ್ತೀನಿ ಮೇಡಂ."

ಚಿಕ್ಕಮ್ಮ ಹಿಂದಕ್ಕೆ ತಿರುಗಿ ಅವಳ ಕೆನ್ನೆ ಹಿಂಡಿದಳು. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. ಡಾಕ್ಟರು ಒಂದು ನಿಮಿಷ ಕಾದು, "ಇನ್ನು ಹೊರಡ್ಲಾ?" ಎಂದು ಮೆಲ್ಲಗೆ ಕೇಳಿದರು.

"ಹೊರಡಿ. ನಮ್ಮನೆ ಕಡೆ ತಿರುಗ್ಸಿ, ಇವಳಪ್ಪನಿಗೆ ಹೇಳ್ಬೇಕು."

ಹಾಗೆ ಡಾಕ್ಟರು ಅಂದು ಮೊದಲ ಸಲ ದೊಡ್ಡ ರಸ್ತೆಗೆ ಇಳಿದರು.